ಆಫರ್ ಲೆಟರನ್ನು ಓದುವುದು ಹೇಗೆ?

ಕಳೆದ ತಿಂಗಳು ತಮ್ಮ ವಾಟ್ಸಾಪಿನಲ್ಲಿ ಎರಡು ಪುಟದ ಪಿಡಿಎಫ್ ಕಳಿಸಿ, "ಅಕ್ಕ, ಓದೋದೇ ನಿನ್ನ ಕೆಲಸ ಅಲ್ವಾ, ಇದನ್ನೂ ಓದಿ ಎಂತ ಅನ್ನಿಸ್ತು ಹೇಳು" ಎಂದ. ಸಿವಿಲ್ ಡಿಪ್ಲೊಮಾ ಮುಗಿಸಿ ಕುಂದಾಪುರದ ಸುತ್ತಮುತ್ತ ನಾಲ್ಕು ವರ್ಷ ಸೈಟ್ ನೋಡಿಕೊಂಡವನು ಅವನು. ಕಳಿಸಿದ್ದು ಅಬುಧಾಬಿಯ ಕಂಪನಿಯೊಂದರ ಆಫರ್ ಲೆಟರ್. ಸೈಟ್ ಸೂಪರ್‌ವೈಸರ್ ಕೆಲಸ, ತಿಂಗಳಿಗೆ 4,000 ದಿರ್ಹಮ್. ನಾನಾದರೋ ಗಲ್ಫ್ ವಲಸೆಯ ಕಾದಂಬರಿಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವವಳು. ಮೂರು ವರ್ಷದಿಂದ ಇದನ್ನೇ ಓದುತ್ತಿದ್ದೇನೆ. ಆದರೂ ಆ ಎರಡು ಪುಟದ ಮುಂದೆ ಅನಕ್ಷರಸ್ಥಳಂತೆ ಕೂತೆ. ಈ ಬರಹ ಆ ಮುಜುಗರದಿಂದ ಹುಟ್ಟಿದ್ದು.

ನಾನು ಓದಿದ ಪುಸ್ತಕಗಳು ಕಲಿಸಿದ್ದೇನು? ಮೊದಲು ನೆನಪಾಗುವುದು ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ 'ಆಡುಜೀವಿತಂ' (2008). ಊರಿನ ಹೊಳೆಯಲ್ಲಿ ಮರಳು ತೆಗೆಯುತ್ತಿದ್ದ ನಜೀಬ್ ಸೌದಿಗೆ ಹೋಗುತ್ತಾನೆ. ವಿಮಾನ ನಿಲ್ದಾಣದಿಂದ ಅವನನ್ನು ಕರೆದೊಯ್ದವನು ಮರುಭೂಮಿಯ ಆಡಿನ ದೊಡ್ಡಿಗೆ ತಂದು ಬಿಡುತ್ತಾನೆ. ಸಂಬಳವಿಲ್ಲ, ಭಾಷೆಯಿಲ್ಲ, ಕಾಗದವಿಲ್ಲ. ಕಾದಂಬರಿಯ ಶಕ್ತಿಯಿರುವುದೇ ಈ ಇಲ್ಲಗಳಲ್ಲಿ. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ಶೋಷಣೆ ಎಂದರೆ ಅಪಹರಣ ಎಂಬ ಚಿತ್ರವೊಂದು ನಿಂತುಬಿಡುತ್ತದೆ. ನನ್ನ ತಮ್ಮನ ಕೈಯಲ್ಲಿ ಕಾಗದವಿತ್ತು, ಮೊಹರೂ ಇತ್ತು. ಹಾಗಾಗಿ ಅವನಿಗೆ ಭಯವಿರಲಿಲ್ಲ. ನನಗೂ ಇರಲಿಲ್ಲ.

ದೀಪಕ್ ಉಣ್ಣಿಕೃಷ್ಣನ್ ಅವರ 'ಟೆಂಪರರಿ ಪೀಪಲ್' (2017) ಬೇರೆಯದೇ ದಾರಿ ಹಿಡಿಯುತ್ತದೆ. ಅಲ್ಲಿನ ಒಂದು ಕತೆಯಲ್ಲಿ ಕಟ್ಟಡಗಳಿಂದ ಬಿದ್ದ ಕೆಲಸಗಾರರನ್ನು ಹುಡುಕಿ ಮತ್ತೆ ಜೋಡಿಸುವ ಹೆಂಗಸಿದ್ದಾಳೆ. ಇನ್ನೊಂದರಲ್ಲಿ ಕೂಲಿಗಳನ್ನು ಬೆಳೆಯಂತೆ ಬೆಳೆಸುತ್ತಾರೆ. ದೇಹವನ್ನು ಸಲಕರಣೆಯಂತೆ ಕಾಣುವ ವ್ಯವಸ್ಥೆಗೆ ಇದಕ್ಕಿಂತ ಚುರುಕಾದ ರೂಪಕ ನಾನು ಓದಿಲ್ಲ. ಆದರೂ ನನಗೆ ಹೆಚ್ಚು ಕಾಡಿದ್ದು ಅದೇ ಪುಸ್ತಕದಲ್ಲಿ ವಲಸಿಗರು ಮಾಡುವ ಕೆಲಸಗಳ ಹೆಸರುಗಳನ್ನು ಸುಮ್ಮನೆ ಒಂದರ ಹಿಂದೊಂದು ಇಟ್ಟಿರುವ ಭಾಗ. ರೂಪಕವೇ ಇಲ್ಲದ ಆ ಪಟ್ಟಿ ಆಫರ್ ಲೆಟರಿಗೆ ಹತ್ತಿರದ ಬರವಣಿಗೆ.

ಅಮಿತಾವ್ ಘೋಷ್ 1992ರಲ್ಲಿ ಅಬ್ದುಲ್ ರಹಮಾನ್ ಮುನೀಫರ ಕಾದಂಬರಿಗಳ ಬಗ್ಗೆ ಬರೆಯುತ್ತಾ, ಪೆಟ್ರೋಲು ಇಷ್ಟೊಂದು ಬದುಕುಗಳನ್ನು ಬದಲಿಸಿದರೂ ಅದರ ಸಾಹಿತ್ಯ ಏಕಿಷ್ಟು ಬಡವಾಗಿದೆ ಎಂದು ಕೇಳಿದ್ದರು. ಅವರದೇ 'ದಿ ಸರ್ಕಲ್ ಆಫ್ ರೀಸನ್' (1986) ಕಾದಂಬರಿಯ ಆಲೂ, ಗಲ್ಫಿನ ಒಂದು ಕಾಲ್ಪನಿಕ ಪಟ್ಟಣದಲ್ಲಿ ಕುಸಿದ ಹೊಸ ಕಟ್ಟಡದಡಿ ಸಿಕ್ಕಿ ಬದುಕಿ ಬರುತ್ತಾನೆ. ಬಂದವನೇ ಮಾತಾಡುವುದು ದುಡ್ಡಿನ ಬಗ್ಗೆ. ವಲಸಿಗರೆಲ್ಲ ಸಂಪಾದನೆಯನ್ನು ಒಂದೆಡೆ ಕೂಡಿಸಿ ಲೆಕ್ಕ ಇಡತೊಡಗುತ್ತಾರೆ. ವಿಮರ್ಶಕರು ಈ ಭಾಗವನ್ನು ಆದರ್ಶವಾದದ ಪ್ರಯೋಗವೆಂದು ಓದಬಹುದು, ನಾನೂ ಹಾಗೇ ಓದಿದ್ದೆ. ಈಗ ಅದು ಮೊದಲಿಗೆ ಲೆಕ್ಕದ ಪುಸ್ತಕವಾಗಿ ಕಾಣುತ್ತಿದೆ.

ಯಾಕೆಂದರೆ ತಮ್ಮನ ಪತ್ರದಲ್ಲಿದ್ದ ಗುಟ್ಟೂ ಲೆಕ್ಕದ್ದೇ. ಒಟ್ಟು 4,000 ದಿರ್ಹಮ್ ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಸಣ್ಣ ಕೋಷ್ಟಕದಲ್ಲಿ ಮೂಲವೇತನ 1,600, ಉಳಿದದ್ದು ಭತ್ಯೆ. ಎಮಿರೇಟ್ಸ್‌ನಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಯಿಟಿಯನ್ನು ಮೂಲವೇತನದ ಮೇಲೆ ಲೆಕ್ಕ ಹಾಕುತ್ತಾರೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲವೇತನ. 1,600ಕ್ಕೆ ಅದು 1,120 ದಿರ್ಹಮ್. 4,000 ಪೂರ್ತಿ ಮೂಲವೇತನವಾಗಿದ್ದರೆ 2,800. ಐದು ವರ್ಷಕ್ಕೆ 8,400 ದಿರ್ಹಮ್ ವ್ಯತ್ಯಾಸ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಯಾರೂ ಯಾರನ್ನೂ ಅಪಹರಿಸಿಲ್ಲ. ಒಂದು ಪದ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಅಷ್ಟೇ.

ಆಮೇಲೆ ವ್ಯಾಕರಣ ನೋಡಿದೆ. ಕೆಲಸಗಾರ ಮಾಡಬೇಕಾದದ್ದೆಲ್ಲ ನೇರ ವಾಕ್ಯಗಳಲ್ಲಿತ್ತು: ನೀವು ಇಂಥ ದಿನ ಹಾಜರಾಗಬೇಕು, ಇಷ್ಟು ಗಂಟೆ ದುಡಿಯಬೇಕು. ಕಂಪನಿ ಮಾಡುವುದೆಲ್ಲ ಕರ್ಮಣಿಯಲ್ಲಿತ್ತು: ವಸತಿ ಒದಗಿಸಲಾಗುವುದು, ಅಗತ್ಯ ಬಿದ್ದರೆ ಬೇರೆ ಸ್ಥಳಕ್ಕೆ ಕಳಿಸಲಾಗುವುದು. ಯಾರು ಒದಗಿಸುತ್ತಾರೆ, ಯಾರ ಅಗತ್ಯ? ಕರ್ತೃವೇ ಇಲ್ಲ. ತರಗತಿಯಲ್ಲಿ ಕವಿತೆಗೆ ಕೇಳುವ ಪ್ರಶ್ನೆಗಳೇ ಇವು. ಹಾಗಿದ್ದರೆ ನನ್ನ ಓದು ಪೂರ್ತಿ ನಿರುಪಯೋಗಿಯಲ್ಲ ಎಂದು ಸ್ವಲ್ಪ ಧೈರ್ಯ ಬಂತು.

ಕಾದಂಬರಿಗಳೂ ಕೈಬಿಡಲಿಲ್ಲ. ನಜೀಬನ ದುರಂತ ಶುರುವಾಗುವುದು ಅವನನ್ನು ಯಾರು ಕರೆದೊಯ್ದರು ಎಂಬಲ್ಲಿ. ಹಾಗಾಗಿ ನಾವು ಏಜೆಂಟನ್ನು ಮೊದಲು ಕೇಳಿದ್ದು: ವೀಸಾದಲ್ಲಿರುವ ಕಂಪನಿಯ ಹೆಸರೂ ಪತ್ರದಲ್ಲಿರುವ ಹೆಸರೂ ಒಂದೇನಾ? ಎರಡನೆಯದು, 1983ರ ವಲಸೆ ಕಾಯ್ದೆಯಡಿ ನಿಮ್ಮ ನೋಂದಣಿ ಸಂಖ್ಯೆ ಎಷ್ಟು? ಅದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್‌ನಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು. ಮೂರನೆಯದು, ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿಯಿರುವಾಗ ನೀವು ಕೇಳುತ್ತಿರುವ ಒಂದೂವರೆ ಲಕ್ಷ ಯಾವುದಕ್ಕೆ? ಆತ ನಕ್ಕು, "ಎಲ್ಲರೂ ಕೊಡ್ತಾರೆ, ಎಲ್ಲರೂ ಸೈನ್ ಮಾಡ್ತಾರೆ" ಎಂದ. ಮೂರು ಪ್ರಶ್ನೆಗೂ ಅದೊಂದೇ ಉತ್ತರ.

ಕನ್ನಡದಲ್ಲಿ ಮುಂಬಯಿಯ ವಲಸೆಗೆ ಚಿತ್ತಾಲರ 'ಶಿಕಾರಿ' (1979) ಇದೆ. ಕಂಪನಿಯ ಒಳಗಿನ ಕಾಗದ, ಸಂಶಯ, ಅಧಿಕಾರಗಳನ್ನೇ ಕತೆಯಾಗಿಸಿದ ಕಾದಂಬರಿ ಅದು. ಅದರ ನಾಗಪ್ಪ ಬಡಕೂಲಿಯಲ್ಲ, ವಿದ್ಯಾವಂತ, ಒಳ್ಳೆಯ ಸಂಬಳದವನು. ಒಳ್ಳೆಯ ಸಂಬಳವೂ ಭಯದ ವಸ್ತುವಾಗಬಲ್ಲದು ಎಂದು ಚಿತ್ತಾಲರಿಗೆ ಗೊತ್ತಿತ್ತು. ನಮ್ಮ ಕರಾವಳಿಯ ಎಷ್ಟೋ ಮನೆಗಳು ಗಲ್ಫ್ ಸೈಟುಗಳ ದುಡ್ಡಿನಲ್ಲಿ ಎದ್ದಿವೆ. ಆ ಸೂಪರ್‌ವೈಸರ್, ಸರ್ವೇಯರ್, ಫೋರ್‌ಮನ್‌ಗಳ ಬಗ್ಗೆ ಅಂಥ ಕಾದಂಬರಿಗಾಗಿ ಓದುಗಳಾಗಿ ನಾನಿನ್ನೂ ಕಾಯುತ್ತಿದ್ದೇನೆ. ಬಲಿಪಶುವಿನ ಕತೆ ಬೇಕು, ನಿಜ. ಜೊತೆಗೆ, ಕಣ್ಣು ಬಿಟ್ಟುಕೊಂಡೇ ಸಹಿ ಹಾಕುವವನ ಕತೆಯೂ ಬೇಕು.

ತಮ್ಮ ಇನ್ನೂ ಸಹಿ ಹಾಕಿಲ್ಲ. ಹೋಗುವ ಆಸೆ ಬಿಟ್ಟಿಲ್ಲ, ಬಿಡು ಎನ್ನಲು ನನಗೆ ಬಾಯಿಯೂ ಇಲ್ಲ. ನನ್ನ ಫೆಲೋಶಿಪ್ ತಡವಾದ ತಿಂಗಳುಗಳಲ್ಲಿ ಹಾಸ್ಟೆಲ್ ಬಿಲ್ ಕಟ್ಟಿದ್ದು ಅವನೇ. ಮೊನ್ನೆ ಅವನು 'ಆಡುಜೀವಿತಂ' ಸಿನಿಮಾ ನೋಡಿ ಫೋನ್ ಮಾಡಿದ. ನಾನು ಮರುಭೂಮಿಯ ದೃಶ್ಯಗಳ ಮಾತು ನಿರೀಕ್ಷಿಸಿದ್ದೆ. "ಅಕ್ಕ, ಅವನು ಊರಲ್ಲಿ ಮರಳು ತೆಗೀತಿದ್ದ ಅಲ್ವಾ? ಅದೂ ಯಾರದೋ ಕಟ್ಟಡಕ್ಕೇ ಹೋಗಿರತ್ತೆ. ಅಲ್ಲಿ ಅವನಿಗೆ ಲೋಡಿಗೆ ಎಷ್ಟು ಸಿಗ್ತಿತ್ತಂತೆ?" ಎಂದು ಕೇಳಿದ. ಮೂರು ವರ್ಷದ ನನ್ನ ಟಿಪ್ಪಣಿಗಳಲ್ಲಿ ಆ ಪ್ರಶ್ನೆ ಇರಲಿಲ್ಲ. ಎರಡನೆಯ ಅಧ್ಯಾಯವನ್ನು ಈಗ ಅಲ್ಲಿಂದ ಶುರುಮಾಡಿದ್ದೇನೆ.