ನಂಟು ಎರಡು ಕಡೆಯದು

ಯಾವ ಎರಡು ಸಂಗತಿಗಳನ್ನು ಜೋಡಿಸಬೇಕಾದರೂ ಈಗ ‘ನಂಟು’ ಎಂದುಬಿಡುವುದು ಸುದ್ದಿಬರಹದ ರೂಢಿ. ಹೊಗೆಸೊಪ್ಪಿಗೂ ಕ್ಯಾನ್ಸರಿಗೂ ನಂಟು, ಹಗರಣಕ್ಕೂ ಅಧಿಕಾರಿಗೂ ನಂಟು. ಇಲ್ಲೆಲ್ಲ ಹೇಳಬೇಕಾದದ್ದು ಸಂಬಂಧ ಮಾತ್ರ. ಮೋಡಕ್ಕೂ ಮಳೆಗೂ ಸಂಬಂಧವಿರಲು ಒಂದು ಇನ್ನೊಂದನ್ನು ಒಪ್ಪಿಕೊಳ್ಳಬೇಕಿಲ್ಲ. ನಂಟಿಗೆ ಆ ಒಪ್ಪಿಗೆಯೇ ಜೀವಾಳ. ಹಳಗನ್ನಡದ ‘ನಣ್ಪು’, ಇಂದಿನ ‘ನೆಂಟ’, ತಮಿಳಿನ ‘ನಟ್ಪು’ ಎಲ್ಲವೂ ಒಂದೇ ಬುಡದವು. ಕೂಡುವುದು, ಒಂದಾಗುವುದು ಆ ಬುಡದ ಅರ್ಥ. ತಮಿಳಿನಲ್ಲಿ ಅದು ಗೆಳೆತನವಾಗಿ ಉಳಿಯಿತು, ಕನ್ನಡದಲ್ಲಿ ಬಂಧುತ್ವದ ಕಡೆಗೆ ವಾಲಿತು. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ಈ ಎರಡು ನುಡಿಗಳೂ ಕಿವಿಗೆ ಬೀಳುತ್ತವೆ. ನಂಟು ಹುಟ್ಟಿನಿಂದ ಬಂದದ್ದೋ ಕೂಡಿಸಿಕೊಂಡದ್ದೋ ಎಂದು ಕೇಳಲು ಇದಕ್ಕಿಂತ ತಕ್ಕ ಜಾಗ ಬೇಕಿಲ್ಲ.

ಬಳಕೆಯೇ ಉತ್ತರ ಹೇಳುತ್ತದೆ. ಒಂದೇ ಕುಲದವರು ಅಣ್ಣತಮ್ಮಂದಿರು, ದಾಯಾದಿಗಳು. ಹೆಣ್ಣು ಕೊಟ್ಟು ತರುವ ಮನೆಯವರು ನೆಂಟರು. ದಾಯಾದಿತನ ಹುಟ್ಟಿನೊಂದಿಗೇ ಬರುತ್ತದೆ, ನೆಂಟಸ್ತನವನ್ನು ಬೆಳೆಸಬೇಕು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆ ಜಿಪುಣರನ್ನು ಚುಚ್ಚಲು ಹುಟ್ಟಿದ್ದಿರಬಹುದು. ಆದರೂ ನಂಟು ಉಳಿಯಬೇಕಾದರೆ ಮನೆಯ ಅಕ್ಕಿ ಕರಗಲೇಬೇಕು ಎಂಬ ತಿಳಿವಳಿಕೆ ಅದರೊಳಗಿದೆ.

ನಂಟು ಕೂಡಿಸಿಕೊಂಡದ್ದು ಎಂಬುದಕ್ಕೆ ಬಲವಾದ ಸಾಕ್ಷಿ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿದೆ. ಬೆಟ್ಟದ ದೇವರು ರಂಗಸ್ವಾಮಿ ಅಲ್ಲಿನ ಕಾಡಿನ ಬುಡಕಟ್ಟಾದ ಸೋಲಿಗರ ಹೆಣ್ಣುಮಗಳು ಕುಸುಮಾಲೆಯನ್ನು ಮದುವೆಯಾದನೆಂಬುದು ಅವರ ನಂಬಿಕೆ. ಆದ್ದರಿಂದ ದೇವರು ಅವರಿಗೆ ‘ರಂಗಭಾವ’. ಈ ಸೀಮೆಯಲ್ಲಿ ಭಕ್ತರನ್ನು ದೇವರ ‘ಒಕ್ಕಲು’ ಎನ್ನುವ ರೂಢಿಯೂ ಇದೆ. ಒಕ್ಕಲಿಗೆ ಎದುರಾಗಿ ನಿಲ್ಲುವವನು ಒಡೆಯ. ಆ ಮಾತು ಕೆಳಗಿನಿಂದ ಮೇಲಕ್ಕೆ ನೋಡುತ್ತದೆ. ಭಾವ ಎಂದಾಗ ನೋಟ ಸಮಮಟ್ಟಕ್ಕೆ ಬರುತ್ತದೆ. ಹೆಣ್ಣು ಕೊಟ್ಟ ಮನೆಗೆ ಸಲುಗೆಯ ಹಕ್ಕಿದೆ, ಹೆಣ್ಣು ತಂದವನಿಗೆ ಹೊಣೆಯಿದೆ.

ಕಾಡಿನವರನ್ನು ಗುಡಿಯ ಅಂಕೆಗೆ ತರಲು ಕಟ್ಟಿದ ಕಥೆಯಿದು, ಬರೀ ಕರೆಯುವುದರಿಂದ ಸಮಾನತೆ ಬಾರದು ಎಂದು ಆಕ್ಷೇಪಿಸಬಹುದು. ಕಥೆಯ ಹುಟ್ಟು ಏನೇ ಇರಲಿ, ಎರಡನೆಯ ಮಾತು ನಿಜ. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಸೋಲಿಗರ ಬೇಟೆಯೂ ಕುಮರಿ ಬೇಸಾಯವೂ ನಿಂತವು. ಭಾವನ ಬೆಟ್ಟವೆಂಬ ಮಾತು ಅದನ್ನು ತಡೆಯಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಮುದಾಯ ಹಕ್ಕುಗಳಿಗೆ ಮನ್ನಣೆ ಸಿಕ್ಕಿದ್ದು 2011ರಲ್ಲಿ. ಹಾಗೆಂದು ಮಾತು ಸೋತಿತು ಎನ್ನಲಾಗದು. ಕಾಡಿನೊಂದಿಗಿನ ಬಾಳು ಪರರ ಕರುಣೆಯಲ್ಲ, ತಮ್ಮ ಪಾಲು ಎಂಬ ತಿಳಿವಳಿಕೆಯನ್ನು ಕಾಯ್ದೆಗಿಂತ ಬಹಳ ಮೊದಲೇ ಆ ಮಾತು ಹಿಡಿದಿಟ್ಟುಕೊಂಡಿತ್ತು. ನಂಟು ಹಕ್ಕನ್ನು ತಾನೇ ಕೊಡಿಸದು. ಕೇಳಲು ನೆಲೆ ಕೊಡುತ್ತದೆ.

ಹಾಗಾದರೆ ಮದುವೆಯಿಲ್ಲದೆ ನಂಟಿಲ್ಲವೇ? ಹನೂರು ಸೀಮೆಯ ಒಡೆಯರಪಾಳ್ಯದ ಬಳಿ 1970ರ ದಶಕದಿಂದ ನೆಲೆಸಿರುವ ಟಿಬೆಟನ್ನರಿಗೂ ಸುತ್ತಲಿನ ಹಳ್ಳಿಗಳವರಿಗೂ ರಕ್ತದ ಹಂಚಿಕೆಯಿಲ್ಲ, ಕುಲದ ಲೆಕ್ಕವೂ ಕೂಡದು. ಪದದ ಬುಡ ಬರೀ ಬಂಧುತ್ವವಾಗಿದ್ದರೆ ಇಲ್ಲಿ ನಂಟು ಎನ್ನುವುದು ತಪ್ಪಾಗುತ್ತಿತ್ತು. ಆದರೆ ಬುಡದಲ್ಲಿರುವುದು ಕೂಡಿಕೆ, ಮದುವೆ ಅದರ ಒಂದು ಬಗೆ. ನೆಲ, ದುಡಿಮೆ, ನೆರೆಹೊರೆಗಳಲ್ಲಿ ಎರಡು ಕಡೆಯವರೂ ಒಬ್ಬರಿಗೊಬ್ಬರು ಬಾಧ್ಯರಾದಾಗ ಅದೂ ನಂಟೇ. ಪದಗಳ ಅರ್ಥ ಹಿಗ್ಗುವುದು ಸಹಜ, ಅದಕ್ಕೆ ಬೇಲಿ ಹಾಕಬೇಕಿಲ್ಲ. ಆದರೆ ಹೊಗೆಸೊಪ್ಪು ಯಾರಿಗೂ ಬಾಧ್ಯವಲ್ಲ. ಅಲ್ಲಿಗೆ ‘ಸಂಬಂಧ’ ಸಾಕು. ಮರಳಿ ಕೇಳಲು ಎದುರಿನವರಿಗೂ ಹಕ್ಕಿರುವ ಕಡೆಗೆ ‘ನಂಟು’ ಮೀಸಲಾಗಲಿ.