ಹಿಂದಿನ ಆಸನದಿಂದ ಪಕ್ಕದ ಕುರ್ಚಿಗೆ

ಮುಪ್ಪಿನಲ್ಲಿ ಮನುಷ್ಯನಿಗೆ ಬೇಕಾದುದೇನು ಎಂದು ಯಾರಾದರೂ ಕೇಳಿದರೆ ಹೊತ್ತಿಗೆ ಸರಿಯಾಗಿ ಊಟ, ಔಷಧಿ, ಬೆಚ್ಚನೆಯ ಕೋಣೆ, ಕರೆದರೆ ಬರುವ ಮಕ್ಕಳು ಎಂದು ನಾವು ಹೇಳುತ್ತೇವೆ. ಗೆಳೆತನ ನಮ್ಮ ನೆನಪಿಗೆ ಬರುವುದು ಕಡಿಮೆ. ಅದು ಶಾಲೆ ಕಾಲೇಜುಗಳ ವಯಸ್ಸಿಗೆ ಸೇರಿದ್ದೆಂಬ ಭಾವನೆ ನಮ್ಮದು. ಎಪ್ಪತ್ತು ದಾಟಿದ ಮೇಲೆ ಹೊಸ ಗೆಳೆತನ ಹುಟ್ಟೀತೇ? ಅದೂ ಸೇವೆ ಪಡೆಯುವವರ ಮತ್ತು ಸಂಬಳಕ್ಕೆ ದುಡಿಯುವವರ ನಡುವೆ? ಈ ಪ್ರಶ್ನೆಯನ್ನು ಎತ್ತಿಕೊಂಡ ಚಲನಚಿತ್ರವೊಂದನ್ನು ತಮ್ಮ ಮುಂದಿಡಬಯಸುತ್ತೇನೆ. ಅದು 1989ರಲ್ಲಿ ತೆರೆಕಂಡ ಇಂಗ್ಲಿಷ್ ಚಿತ್ರ ‘ಡ್ರೈವಿಂಗ್ ಮಿಸ್ ಡೈಸಿ’.

ಆಲ್ಫ್ರೆಡ್ ಯೂರಿ ತಮ್ಮ ಅಜ್ಜಿಯನ್ನೂ ಆಕೆಯ ಕಾರು ಚಾಲಕನನ್ನೂ ನೆನೆದು ಬರೆದ ನಾಟಕ 1987ರಲ್ಲಿ ರಂಗವೇರಿ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅದನ್ನೇ ಬ್ರೂಸ್ ಬೆರೆಸ್‌ಫರ್ಡ್ ಚಿತ್ರವಾಗಿಸಿದರು. 1990ರಲ್ಲಿ ಅತ್ಯುತ್ತಮ ಚಿತ್ರವೂ ಸೇರಿದಂತೆ ನಾಲ್ಕು ಆಸ್ಕರ್ ಪ್ರಶಸ್ತಿಗಳು ಇದಕ್ಕೆ ಸಂದವು. ಅತ್ಯುತ್ತಮ ನಟಿ ಪ್ರಶಸ್ತಿ ಪಡೆದ ಜೆಸ್ಸಿಕಾ ಟ್ಯಾಂಡಿಯವರಿಗೆ ಆಗ 80 ವರ್ಷ.

ಕಥೆ ನಡೆಯುವುದು ಅಮೆರಿಕದ ದಕ್ಷಿಣದ ಅಟ್ಲಾಂಟಾ ನಗರದಲ್ಲಿ, 1948ರಿಂದ 1973ರವರೆಗೆ. ಡೈಸಿ ವರ್ದನ್ ಯೆಹೂದ್ಯ ವಿಧವೆ, ನಿವೃತ್ತ ಶಿಕ್ಷಕಿ. ಕಾರನ್ನು ಹಿಮ್ಮುಖವಾಗಿ ಓಡಿಸಿ ನೆರೆಯವರ ಅಂಗಳಕ್ಕೆ ನುಗ್ಗಿಸಿದಾಗ, ಮಗ ಬೂಲಿ ಹಟಮಾರಿ ತಾಯಿಗಾಗಿ ಹೋಕ್ ಕೋಲ್ಬರ್ನ್ ಎಂಬ ಕಪ್ಪುವರ್ಣದ ಚಾಲಕನನ್ನು ನೇಮಿಸುತ್ತಾನೆ. ಆತನ ಪಾತ್ರದಲ್ಲಿ ಮಾರ್ಗನ್ ಫ್ರೀಮನ್ ಅವರ ಅಭಿನಯ ಮರೆಯಲಾಗದ್ದು. ಹಲವು ದಿನ ಡೈಸಿ ಕಾರು ಹತ್ತಲೇ ಒಪ್ಪುವುದಿಲ್ಲ. ಮೂವತ್ತಮೂರು ಸೆಂಟಿನ ಮೀನಿನ ಡಬ್ಬಿ ಕಾಣೆಯಾದರೆ ಆತನೇ ಕಳ್ಳನೆಂದು ಮಗನನ್ನು ಕರೆಸುತ್ತಾಳೆ. ಆಕೆ ಬಾಯಿ ತೆರೆಯುವ ಮೊದಲೇ ಹೋಕ್ ತಾನು ತಿಂದದ್ದನ್ನು ಹೇಳಿ, ಬದಲಿಗೆ ತಂದ ಹೊಸ ಡಬ್ಬಿಯನ್ನು ಅವಳ ಕೈಗಿಡುತ್ತಾನೆ.

ಈ ಅಪನಂಬಿಕೆ ಕರಗುವ ಬಗೆಯೇ ಚಿತ್ರದ ನಿಜವಾದ ಸೊಗಸು. ಸ್ಮಶಾನದಲ್ಲಿ ಗೋರಿಯೊಂದನ್ನು ಹುಡುಕಲು ಹೇಳಿದಾಗ ಹೋಕ್‌ಗೆ ಓದಲು ಬಾರದೆಂಬುದು ಡೈಸಿಗೆ ತಿಳಿಯುತ್ತದೆ. ಆಕೆಯೊಳಗಿನ ಶಿಕ್ಷಕಿ ಎಚ್ಚರಗೊಂಡು, ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರಗಳಿಂದ ಅವನಿಗೆ ಓದು ಕಲಿಸುತ್ತಾಳೆ. ಹಿಮಗಾಳಿಗೆ ವಿದ್ಯುತ್ತು ನಿಂತ ಬೆಳಿಗ್ಗೆ, ಜಾರುವ ರಸ್ತೆಯಲ್ಲಿ ಬಿಸಿ ಕಾಫಿ ಹಿಡಿದು ಹೋಕ್ ಬರುತ್ತಾನೆ. ಒಬ್ಬರಿಗೆ ಅಕ್ಷರ, ಇನ್ನೊಬ್ಬರಿಗೆ ಕಾಫಿ. ಇಲ್ಲಿ ಆರೈಕೆ ಏಕಮುಖವಲ್ಲ. ಇಬ್ಬರೂ ಕೊಡಬಲ್ಲರು, ಇಬ್ಬರೂ ಪಡೆಯಬೇಕು. ಕೊಡುವುದಕ್ಕಿಂತಲೂ ಪಡೆಯಲು ಕಲಿಯುವುದು ಕಷ್ಟವೆಂಬುದನ್ನು ಡೈಸಿಯ ಬಿಗಿದ ತುಟಿಗಳೇ ಹೇಳುತ್ತವೆ.

ಆದರೆ ಗೆಳೆತನದ ಹೆಸರಿನಲ್ಲಿ ಅನ್ಯಾಯವನ್ನು ಮರೆಮಾಚಬಹುದೇ? ಕಪ್ಪುಜನರ ನೋವನ್ನು ಈ ಚಿತ್ರ ಸಿಹಿಯಾಗಿಸಿದೆ ಎಂಬ ಟೀಕೆ ಅಂದಿನಿಂದಲೂ ಇದೆ. ವರ್ಣದ್ವೇಷವನ್ನು ನೇರವಾಗಿ ಎದುರಿಸಿದ ಸ್ಪೈಕ್ ಲೀ ಅವರ ‘ಡೂ ದ ರೈಟ್ ಥಿಂಗ್’ ಅದೇ ವರ್ಷ ಬಂದಿತ್ತು. ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಅದಕ್ಕೆ ನಾಮನಿರ್ದೇಶನವೂ ಸಿಗಲಿಲ್ಲ. ಟೀಕೆಯಲ್ಲಿ ಹುರುಳಿದೆ. ಹೋಕ್‌ನ ಮನೆಬದುಕು ಬಹುಮಟ್ಟಿಗೆ ತೆರೆಯ ಮರೆಯಲ್ಲೇ ಉಳಿಯುತ್ತದೆ. ಡೈಸಿಯ ಮುಪ್ಪನ್ನು ಹೋಕ್ ನೋಡಿಕೊಂಡ. ಹೋಕ್‌ನ ಮುಪ್ಪನ್ನು ನೋಡಿಕೊಂಡವರಾರು? ಮೊಮ್ಮಗಳೊಬ್ಬಳ ಪ್ರಸ್ತಾಪವನ್ನು ಬಿಟ್ಟರೆ ಚಿತ್ರ ಮೌನವಾಗಿದೆ. ಕೊನೆಯವರೆಗೂ ಆತನಿಗೆ ಆಕೆ ‘ಮಿಸ್ ಡೈಸಿ’, ಆಕೆಗೆ ಆತ ಬರಿಯ ‘ಹೋಕ್’.

ಹಾಗೆಂದು ಚಿತ್ರ ಪೂರ್ತಿ ಕಣ್ಣು ಮುಚ್ಚಿಕೊಂಡಿಲ್ಲ. ದೂರದ ಪಯಣದಲ್ಲಿ ಹೋಕ್ ಮೂತ್ರಕ್ಕೆಂದು ಕಾರು ನಿಲ್ಲಿಸಬೇಕೆಂದಾಗ ಡೈಸಿ ತಡೆಯುತ್ತಾಳೆ. ಪೆಟ್ರೋಲ್ ಬಂಕಿನ ಶೌಚಾಲಯ ಕಪ್ಪುಜನರಿಗೆ ನಿಷಿದ್ಧವೆಂಬುದು ಅವಳಿಗೆ ಹೊಳೆದಿರಲಿಲ್ಲ. ಇದಕ್ಕೂ ಅಪ್ಪಣೆ ಕೇಳಬೇಕಾದ ಮಗು ತಾನಲ್ಲವೆಂದು ಹೇಳಿ ಆತ ಕಾರು ನಿಲ್ಲಿಸಿಯೇಬಿಡುತ್ತಾನೆ. 1958ರಲ್ಲಿ ಅಟ್ಲಾಂಟಾದ ಯೆಹೂದ್ಯ ಪ್ರಾರ್ಥನಾ ಮಂದಿರಕ್ಕೆ ಬಾಂಬಿಟ್ಟ ಘಟನೆಯೂ ಇಲ್ಲಿದೆ. ಆ ದಿನ ಹೋಕ್ ತಾನು ಬಾಲ್ಯದಲ್ಲಿ ಕಂಡದ್ದನ್ನು ಹೇಳುತ್ತಾನೆ: ಗೆಳೆಯನ ತಂದೆಯನ್ನು ಮರಕ್ಕೆ ನೇತುಹಾಕಿದ್ದರು. ಇಬ್ಬರನ್ನೂ ದ್ವೇಷಿಸುವ ಕೈ ಒಂದೇ ಎಂದು ಒಪ್ಪಲು ಡೈಸಿ ಸಿದ್ಧಳಿಲ್ಲ.

ನನ್ನ ದೃಷ್ಟಿಯಲ್ಲಿ ಚಿತ್ರದ ತಿರುಳಿರುವುದು ಮಾರ್ಟಿನ್ ಲೂಥರ್ ಕಿಂಗ್ ಅವರ ಗೌರವಾರ್ಥ ಏರ್ಪಟ್ಟ ಔತಣಕೂಟದ ಸನ್ನಿವೇಶದಲ್ಲಿ. ಮಗ ಬರಲೊಲ್ಲ. ಡೈಸಿ ಕಾರಿನಲ್ಲಿ ಹೋಗುತ್ತಾ, ಕೊನೆಯ ಗಳಿಗೆಯಲ್ಲಿ, ಹಾರಿಕೆಯ ಮಾತಿನಲ್ಲಿ ಹೋಕ್‌ನನ್ನು ಕರೆಯುತ್ತಾಳೆ. ಕರೆಯಬೇಕೆಂದಿದ್ದರೆ ಮೊದಲೇ ಕರೆಯಬೇಕಿತ್ತೆಂದು ಆತ ನಿರಾಕರಿಸುತ್ತಾನೆ. ಒಳಗೆ ಖಾಲಿ ಕುರ್ಚಿಯ ಪಕ್ಕದಲ್ಲಿ ಕುಳಿತು ಆಕೆ ಭಾಷಣ ಕೇಳುತ್ತಾಳೆ. ಹೊರಗೆ ಕಾರಿನ ರೇಡಿಯೋದಲ್ಲಿ ಆತ ಅದನ್ನೇ ಕೇಳುತ್ತಾನೆ. ದಯೆ ಸುಲಭ, ಸಮಾನತೆ ಕಷ್ಟ. ಆ ಖಾಲಿ ಕುರ್ಚಿ ತುಂಬದ ಹೊರತು ಗೆಳೆತನ ಪೂರ್ಣವಾಗದು.

ಅದು ತುಂಬುವುದು ಬಹಳ ತಡವಾಗಿ. ಒಂದು ಬೆಳಿಗ್ಗೆ ಮನಸ್ಸು ಕದಡಿ, ತಾನಿನ್ನೂ ಶಿಕ್ಷಕಿಯೆಂದು ಭಾವಿಸಿ ಡೈಸಿ ಮಕ್ಕಳ ಉತ್ತರಪತ್ರಿಕೆಗಳಿಗಾಗಿ ತಡಕಾಡುತ್ತಾಳೆ. ಹೋಕ್ ಸಂತೈಸಿದಾಗ ಅವನ ಕೈ ಹಿಡಿದು, ನೀನೇ ನನ್ನ ಆಪ್ತ ಗೆಳೆಯ ಎಂಬರ್ಥದ ಮಾತಾಡುತ್ತಾಳೆ. ಕೊನೆಯ ದೃಶ್ಯ ವೃದ್ಧಾಶ್ರಮದ್ದು. ಕಣ್ಣು ಮಂಜಾಗಿ ಕಾರು ಬಿಟ್ಟಿರುವ ಹೋಕ್ ಅವಳೆದುರು ಕುಳಿತು, ಪೈ ಎಂಬ ಸಿಹಿತಿನಿಸನ್ನು ತುತ್ತು ತುತ್ತಾಗಿ ತಿನ್ನಿಸುತ್ತಾನೆ. ಬೂಲಿ ಅವನಿಗೆ ಇನ್ನೂ ವಾರವಾರವೂ ಹಣ ಕೊಡುತ್ತಿದ್ದಾನೆ, ನಿಜ. ಆದರೆ ಆ ತುತ್ತಿಗೆ ಬೆಲೆ ಕಟ್ಟಿದವರಿಲ್ಲ. ಹಿಂದಿನ ಆಸನದ ಒಡತಿಯೂ ಮುಂದಿನ ಆಸನದ ಆಳೂ ಈಗ ಒಂದೇ ಮೇಜಿನಲ್ಲಿದ್ದಾರೆ.

ಇಂದು ನಮ್ಮ ಮನೆಗಳಲ್ಲೂ ಎಷ್ಟೋ ಹಿರಿಯರಿಗೆ ದಿನದ ಸಂಗಾತಿ ಹೋಮ್ ನರ್ಸ್, ಅಡುಗೆಯಾಕೆ ಇಲ್ಲವೇ ಚಾಲಕ. ಅಮ್ಮ ರಾತ್ರಿ ಏಕೆ ನಿದ್ರಿಸಲಿಲ್ಲವೆಂಬುದು ದೂರದ ಮಗನಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ನ್ಯಾಯವಾದ ಸಂಬಳ ಅವರ ಹಕ್ಕು. ಅಕ್ಕರೆಯ ಹೆಸರಿನಲ್ಲಿ ಅದನ್ನು ಕಡಿತಗೊಳಿಸಲಾಗದು. ಆದರೆ ಸಂಬಳ ಕೊಟ್ಟ ಮಾತ್ರಕ್ಕೆ ಋಣ ತೀರಿತೇ? ಅವರು ಕಾಯಿಲೆ ಬಿದ್ದಾಗ ವಿಚಾರಿಸುವವರಾರು? ಚಿತ್ರವನ್ನು ಸಾಧ್ಯವಾದರೆ ಮನೆಮಂದಿಯೆಲ್ಲ ಕೂಡಿ ನೋಡಿ, ಮನೆಯ ಹಿರಿಯರೊಡನೆ ಕುಳಿತು. ಅವರನ್ನು ಆರೈಕೆ ಮಾಡುವವರಿಗೂ ಅಲ್ಲೊಂದು ಕುರ್ಚಿ ಹಾಕಿ, ಕೊನೆಯ ಗಳಿಗೆಯಲ್ಲಲ್ಲ, ಮೊದಲೇ ಕರೆಯಿರಿ.