ಕಂಡಿಕೆಯ ಸಾಲು

ಗುಳೇದಗುಡ್ಡದ ನಮ್ಮ ಓಣಿಯ ಒಂದು ಮನೆಯಲ್ಲಿ ಖಣ ನೇಯುವ ಮಗ್ಗದ ಪಕ್ಕ ಮೂರು ವರ್ಷದ ಹುಡುಗ ಕೂತಿರುತ್ತಾನೆ. ನೂಲು ಸುತ್ತಿದ ಕಂಡಿಕೆಗಳನ್ನು ಸಾಲಾಗಿ ಜೋಡಿಸುವುದೇ ಅವನ ಆಟ. ಒಂದು ಸರಿದರೂ ಕಿರುಚುತ್ತಾನೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಲಾಳಿಯ ಸದ್ದು ನಿಂತರೆ ಮಾತ್ರ ತಟ್ಟನೆ ತಲೆಯೆತ್ತುತ್ತಾನೆ. ಕಿವುಡಲ್ಲ ಎಂದು ಅವನ ಅವ್ವನಿಗೆ ಗೊತ್ತಾದದ್ದು ಹಾಗೆ. ‘ಗಂಡುಹುಡುಗ್ರು ತಡಾ ಮಾತಾಡ್ತಾವ, ಐದು ತುಂಬಲಿ ಅಂದಾರ್ರೀ ಡಾಕ್ಟ್ರು’ ಎನ್ನುತ್ತಾಳೆ.

ಆ ವೈದ್ಯರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರಿಗೆ ಕಲಿಸಿದ್ದೆಷ್ಟು? ಎಂಬಿಬಿಎಸ್ ನಂತರದ ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ಮನೋವೈದ್ಯ ವಿಭಾಗಕ್ಕೆ ಸಿಗುವುದು 2 ವಾರ. ಅಲ್ಲಿ ಎದುರಿಗೆ ಬಂದು ಕೂರುವವರು ಬಹುಪಾಲು ದೊಡ್ಡವರು.

ಇನ್ನೊಂದು ತುದಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೆ. ಎಂ.ಡಿ. ಮುಗಿಸಿದವರು ಅಲ್ಲಿ ಮಕ್ಕಳ ಮನೋವೈದ್ಯದಲ್ಲಿ ಮತ್ತೆ 3 ವರ್ಷ ಡಿ.ಎಂ. ಓದುತ್ತಾರೆ. ಈ ತರಬೇತಿಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಮಗುವನ್ನು ವಾರ್ಡಿಗೆ ಸೇರಿಸುವಾಗ ತಾಯಿಯನ್ನೂ ಜೊತೆಗೇ ಇರಿಸಿಕೊಳ್ಳುತ್ತಾರೆ. ಮಗು ಉಣ್ಣುವುದು, ಹಟ ಹಿಡಿಯುವುದು, ಅಮ್ಮ ಸೋತು ಕೂರುವುದು ಎಲ್ಲವೂ ವೈದ್ಯರ ಕಣ್ಣಿಗೆ ಬೀಳುತ್ತದೆ. ಇಪ್ಪತ್ತು ನಿಮಿಷದ ಓಪಿಡಿಯಲ್ಲಿ ಕಲಿಯಲಾಗದ್ದು ಇದು. ಆದರೆ ಇಷ್ಟು ಆಳವಾಗಿ ಕಲಿತವರು ನಮ್ಮ ಕಡೆಯ ತಾಲ್ಲೂಕು ಆಸ್ಪತ್ರೆಗೆ ಬರುವುದಿಲ್ಲ. ಅಲ್ಲಿ ಅವರಿಗೆ ಹುದ್ದೆಯೇ ಇಲ್ಲ.

1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು ಮನೋರೋಗಿಗಳ ಆರೈಕೆ ಮಾಡಿಸಿತು. ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಒಳ್ಳೆಯ ಕೆಲಸ. ಆದರೆ ಮೂರ್ಛೆರೋಗಕ್ಕೆ, ಚಿತ್ತವಿಕಲತೆಗೆ ಮಾತ್ರೆ ಇದೆ. ಮೂರು ವರ್ಷದ ಹುಡುಗನಲ್ಲಿ ಮಾತು ಹುಟ್ಟಿಸುವ ಮಾತ್ರೆ ಇಲ್ಲ. ಅವನ ನಡೆ ಸೂಚಿಸುವ ಆಟಿಸಂಗೆ ಬೇಕಾದದ್ದು ಮಾತಿನ ತರಬೇತಿ, ತಾಯಿಗೆ ಕಲಿಸಿಕೊಡುವಿಕೆ, ತಿಂಗಳುಗಟ್ಟಲೆ ತಾಳ್ಮೆ. ದೊಡ್ಡವರಿಗೆಂದು ಕಟ್ಟಿದ ಆ ಮಾದರಿಯೇ ಮಕ್ಕಳಿಗೂ ಸಾಕು ಅಂದುಕೊಂಡದ್ದು ನಮ್ಮ ದೊಡ್ಡ ತಪ್ಪು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೇ ಹೋಗಿ ಮಕ್ಕಳ ಬೆಳವಣಿಗೆಯ ಕೊರತೆ ಗುರುತಿಸಬೇಕು. ಗುರುತಿಸಿದ ಮೇಲೆ ಕೈಹಿಡಿದು ನಡೆಸುವವರು ಊರಲ್ಲೇ ಇರಬೇಕಲ್ಲ?

ಒಮ್ಮೆ ನಮ್ಮ ಓಣಿಗೆ ಬಂದಿದ್ದ ಮಾತಿನ ತರಬೇತಿಯ ಹುಡುಗಿಯೊಬ್ಬಳು ಚಿತ್ರದ ಕಾರ್ಡುಗಳನ್ನು ಬದಿಗಿಟ್ಟು, ಒಂದು ಕೆಂಪು ಕಂಡಿಕೆಯನ್ನು ತನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ಸುಮ್ಮನೆ ಕೂತಳು. ಬಹಳ ಹೊತ್ತು ಹಾಗೇ ಕೂತಳು. ಹುಡುಗ ಕೊನೆಗೆ ಕಂಡಿಕೆಯಿಂದ ಅವಳ ಮುಖದ ಕಡೆ ದೃಷ್ಟಿ ಹೊರಳಿಸಿದ. ಆಗ ‘ಕೊಡ್ಲಾ?’ ಎಂದು ಕೇಳಿ ಕೊಟ್ಟಳು. ಅವ್ವ ಮಗ್ಗ ನಿಲ್ಲಿಸಿ ನೋಡುತ್ತಿದ್ದಳು. ಮರುದಿನ ತಾನೂ ಹಾಗೇ ಮಾಡಿದಳು.

ಡಿ.ಎಂ. ಓದುವವರ 3 ವರ್ಷದಲ್ಲಿ ಆರು ತಿಂಗಳಾದರೂ ಬಾದಾಮಿ, ಹುನಗುಂದದಂಥ ತಾಲ್ಲೂಕು ಆಸ್ಪತ್ರೆಗೆ ಮೀಸಲಾಗಬೇಕು. ಅಲ್ಲಿನ ಮಕ್ಕಳ ವೈದ್ಯರು, ಆಶಾ ಕಾರ್ಯಕರ್ತೆ ಪಕ್ಕದಲ್ಲಿ ಕೂತು ಕಲಿಯಬೇಕು. ಓದುವವರೂ ಇಂಥ ಮನೆಗಳಿಗೆ ಬಂದು ಕಲಿಯಬೇಕು. ಬರುವ ಶ್ರಾವಣಕ್ಕೆ ಆ ಹುಡುಗನಿಗೆ ನಾಲ್ಕು ತುಂಬುತ್ತದೆ.